ವಿಶ್ವವಿದ್ಯಾಲಯದ ಮೂರನೆಯ ಕೆಲಸ

ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಅಡಿಕೆ ತೋಟಗಳಲ್ಲಿ, ಕೊಳೆರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮುಗಳು ಸಾಲುಗಟ್ಟಿ ನಿಲ್ಲುತ್ತವೆ. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಒಂದರಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದರಲ್ಲಿ ಕರಗಿಸಿ, ಎರಡೂ ಸೇರಿ 100 ಲೀಟರಾಗುವಂತೆ ಬೆರೆಸಿದ ಮೇಲೆ, ಅನುಭವಸ್ಥರು ಆ ತಿಳಿನೀಲಿ ದ್ರಾವಣದಲ್ಲಿ ಕಬ್ಬಿಣದ ಚಾಕುವೊಂದನ್ನು ಕೆಲ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರದ ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಲೇಪ ಕಾಣದಿದ್ದರೆ ಕೊನೆಗೌಡರು ಸಿಂಪಡಿಸಲು ಮರ ಹತ್ತಬಹುದು. ಈ ಪರೀಕ್ಷೆಯನ್ನು ಯಾರು ಕಲಿಸಿದರು ಎಂದು ಕೇಳಿದರೆ ಹೆಚ್ಚಿನವರು ಅಪ್ಪ ಎನ್ನುತ್ತಾರೆ, ಇಲ್ಲವೇ ಅಜ್ಜ ಎನ್ನುತ್ತಾರೆ. ಪ್ರಯೋಗಾಲಯದ ರಸಾಯನ ವಿದ್ಯೆ ಮನೆತನದ ವಿದ್ಯೆಯಾಗಿ ಬದಲಾಗಿ ನೂರು ವರ್ಷ ದಾಟಿದೆ.

ಇದರ ಹಿಂದಿರುವವರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದಿಂದ ಎಳೆಯ ಕಾಯಿ ಉದುರಿ ತೋಟಗಾರರು ಕಂಗೆಟ್ಟಿದ್ದ ಕಾಲ ಅದು. ಮಳೆನೀರು ಕಾಯಿಗೆ ತಾಗಬಾರದೆಂಬುದು ಮಲೆನಾಡಿನವರಿಗೆ ಮೊದಲೇ ಗೊತ್ತಿತ್ತು. ಅದಕ್ಕಾಗಿಯೇ ಅವರು ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ರೋಗ ತರುವುದು ಒಂದು ಶಿಲೀಂಧ್ರ ಎಂದು ತೋರಿಸಿ, ಬೋರ್ಡೋ ದ್ರಾವಣಕ್ಕೆ ರಾಳ ಸೇರಿಸಿ ಅದು ಮಲೆನಾಡಿನ ಜಡಿಮಳೆಗೂ ತೊಳೆದುಹೋಗದಂತೆ ಮಾಡಿದ್ದು ಕೋಲ್ಮನ್ ಅವರ ಕೊಡುಗೆ. ಪ್ರಬಂಧ ಬರೆದು ಮುಗಿಸಿದ್ದರೆ ಅದು ಕಪಾಟು ಸೇರುತ್ತಿತ್ತು. ತೋಟಕ್ಕೇ ಹೋಗಿ, ಮರದ ಮೇಲೇ ಸಿಂಪಡಿಸಿ ತೋರಿಸಿದ್ದರಿಂದ ಉಳಿಯಿತು. ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ ಕೊಟ್ಟ 30 ಎಕರೆ ಜಮೀನಿನಲ್ಲಿ 1913ರಲ್ಲಿ ಕೃಷಿ ಶಾಲೆ ಶುರುವಾಯಿತು, 1946ರಲ್ಲಿ ಅದು ಕಾಲೇಜಾಯಿತು, 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆಯಿತು.

ಪಾಠ ಹೇಳುವುದು, ಸಂಶೋಧನೆ ನಡೆಸುವುದು, ಇವೆರಡರ ಜೊತೆಗೆ ವಿಶ್ವವಿದ್ಯಾಲಯಕ್ಕೆ ಇರುವ ಮೂರನೆಯ ಕೆಲಸಕ್ಕೆ ನಮ್ಮಲ್ಲಿ ಎರಡು ಹೆಸರುಗಳಿವೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅದು ‘ವಿಸ್ತರಣೆ’. ಮೈಸೂರು, ಧಾರವಾಡಗಳ ಹಳೆಯ ವಿಶ್ವವಿದ್ಯಾಲಯಗಳಲ್ಲಿ ‘ಪ್ರಸಾರಾಂಗ’. ಅಮೆರಿಕದಲ್ಲಿ 1862ರ ಕಾಯ್ದೆ ಸರ್ಕಾರಿ ಭೂಮಿಯ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳನ್ನು ಕಟ್ಟಲು ದಾರಿ ಮಾಡಿತು, 1914ರ ಕಾಯ್ದೆ ಆ ಕಾಲೇಜುಗಳ ವಿದ್ಯೆಯನ್ನು ಪ್ರತಿ ಕೌಂಟಿಗೂ ಒಯ್ಯುವ ವಿಸ್ತರಣಾಧಿಕಾರಿಗಳ ವ್ಯವಸ್ಥೆಯನ್ನು ರೂಪಿಸಿತು. ಭಾರತದ ಕೃಷಿ ವಿಶ್ವವಿದ್ಯಾಲಯಗಳು ಈ ಮಾದರಿಯನ್ನೇ ಹಿಡಿದು 1960ರಿಂದ ಹುಟ್ಟಿದವು. ಉಳಿದ ವಿಶ್ವವಿದ್ಯಾಲಯಗಳ ಮಟ್ಟಿಗೆ, ವಿಸ್ತರಣೆಯೂ ಬೋಧನೆ ಮತ್ತು ಸಂಶೋಧನೆಗಳಷ್ಟೇ ಮಹತ್ವದ ಮೂರನೆಯ ಆಯಾಮ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 1977ರಲ್ಲಿ ಘೋಷಿಸಿತು. ಕಾಗದದ ಮೇಲೆ ಈ ವಿಷಯದಲ್ಲಿ ಕೊರತೆಯಿಲ್ಲ. ಆದರೂ ಈ ಕೆಲಸ ಕೆಲವು ಕಡೆ ಬೇರೂರಿ ಬಹಳ ಕಡೆ ಒಣಗಿಹೋಗಲು ಕಾರಣವೇನು ಎಂದು ನೋಡುತ್ತಾ ಹೋದರೆ ನನಗೆ ಮತ್ತೆ ಮತ್ತೆ ಎದುರಾಗುವುದು ಒಂದೇ ವ್ಯತ್ಯಾಸ: ಬೇರೂರಿದ ಕಡೆಯಲ್ಲೆಲ್ಲ ಊರಿನ ಪ್ರಶ್ನೆ ವಿಶ್ವವಿದ್ಯಾಲಯದೊಳಕ್ಕೆ ಬಂದು ಅದರ ಕೆಲಸವನ್ನೇ ತಿದ್ದಿದೆ, ಒಣಗಿದ ಕಡೆಯಲ್ಲೆಲ್ಲ ದಾರಿ ಏಕಮುಖವಾಗಿದೆ.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿಯಾಗಿದ್ದ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಘಟಕವನ್ನು ಆರಂಭಿಸಿದರು. ಗ್ರಾಮಗಳಿಗೆ ಒದಗುವ ವಿಜ್ಞಾನ, ತಂತ್ರಜ್ಞಾನವನ್ನು ರೂಪಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನದೇ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಹಳ್ಳಿಯ ಮನೆಗಳಲ್ಲಿ ಸೌದೆ ಎಷ್ಟು ಉರಿಯುತ್ತದೆ, ಅದನ್ನು ಯಾರು ಎಷ್ಟು ದೂರದಿಂದ ಹೊತ್ತು ತರುತ್ತಾರೆ, ನೀರಿಗೆ ದಿನದ ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನೆಲ್ಲ ಅವರ ತಂಡ ಮನೆಮನೆಗೆ ಹೋಗಿ ಅಳೆಯಿತು. ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕಿ ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆ ಹುಟ್ಟಿದ್ದು ಇಂಥ ಲೆಕ್ಕಗಳಿಂದ.

ಪುರದಲ್ಲಿ ಮೊದಲು ಯೋಜಿಸಿದ್ದು ಇಡೀ ಊರಿಗೆ ಅಡುಗೆ ಅನಿಲ ಕೊಡುವ ಸಮುದಾಯ ಗೋಬರ್ ಅನಿಲ ಸ್ಥಾವರ. ಊರಿನ ದನಗಳ ಸಗಣಿಯಿಂದ ಬರುವ ಅನಿಲ ಎಲ್ಲ ಒಲೆಗಳಿಗೆ ಸಾಲಲಿಲ್ಲ, ಯೋಜನೆ ಎಡವಿತು. ಅಲ್ಲಿಗೇ ಗಂಟುಮೂಟೆ ಕಟ್ಟಿ ವರದಿ ಬರೆದು ಕೂರಬಹುದಿತ್ತು. ಅವರು ಹಾಗೆ ಮಾಡದೆ ಊರಿನವರೊಂದಿಗೆ ಮತ್ತೆ ಕೂತು ಮಾತಾಡಿದರು. ಊರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು, ಆಮೇಲೆ ದೀಪ. ಆ ಅನಿಲದಿಂದಲೇ ಎಂಜಿನ್ ಓಡಿಸಿ, ಅದರಿಂದ ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಡುವ, ಮನೆಗಳಿಗೆ ದೀಪ ಕೊಡುವ ವ್ಯವಸ್ಥೆ 1987ರಲ್ಲಿ ಕೆಲಸ ಶುರುಮಾಡಿತು. ಹೆಂಗಸರು, ಮಕ್ಕಳು ತಂದ ಸಗಣಿಯನ್ನು ತೂಗಿ ಹಣ ಕೊಡುತ್ತಿದ್ದರು, ಗೊಬ್ಬರಕ್ಕಾಗಿ ಬಗ್ಗಡ ಅವರವರ ಪಾಲಿಗೆ ಹಿಂದಿರುಗುತ್ತಿತ್ತು. ಅನಿಲ ಅದೇ, ಸಗಣಿ ಅದೇ. ಬದಲಾದದ್ದು ವಿಜ್ಞಾನಿಗಳು ತಮಗೆ ತಾವೇ ಕೇಳಿಕೊಂಡ ಪ್ರಶ್ನೆ. ವಿಸ್ತರಣೆಯ ಪಠ್ಯಪುಸ್ತಕಗಳಲ್ಲಿ ಪುರದ ಈ ತಿರುವು ಒಂದು ಅಧ್ಯಾಯವೇ ಆಗಬೇಕು ಎಂದು ನಾನು ನಂಬುತ್ತೇನೆ.

ವೈದ್ಯಕೀಯದಲ್ಲೂ ಇಂಥದೊಂದು ದೊಡ್ಡ ಉದಾಹರಣೆ ನಮ್ಮದೇ ರಾಜ್ಯದ್ದಾಗಿದೆ. ಮನೋರೋಗ ತಜ್ಞರು ಬೆರಳೆಣಿಕೆಯಷ್ಟಿದ್ದ 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ನಗರದ ಹೊರವಲಯದ ಸಕಲವಾರದಲ್ಲಿ ಸಮುದಾಯ ಕೇಂದ್ರ ತೆರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡಲು ಶುರುಮಾಡಿತು. 1980ರ ದಶಕದಲ್ಲಿ ಆ ಅನುಭವವನ್ನು ಇಡೀ ಬಳ್ಳಾರಿ ಜಿಲ್ಲೆಗೆ ಹರಡಿ, ಜಿಲ್ಲೆಯ ಸಾಮಾನ್ಯ ವೈದ್ಯರೇ ಮೂರ್ಛೆರೋಗಕ್ಕೂ ತೀವ್ರ ಮನೋರೋಗಕ್ಕೂ ಔಷಧ ಕೊಡಬಲ್ಲರು ಎಂದು ತೋರಿಸಲಾಯಿತು. ರೋಗಿಯನ್ನು ಬಸ್ಸು ಹತ್ತಿಸಿ ಬೆಂಗಳೂರಿಗೆ ಕರೆತರಲಾಗದೆ ಮನೆಯ ಕೋಣೆಯಲ್ಲೇ ಕೂಡಿಹಾಕಿ ಕಣ್ಣೀರು ಹಾಕುತ್ತಿದ್ದ ಕುಟುಂಬಗಳಿಗೆ, ಹೋಬಳಿಯ ಆಸ್ಪತ್ರೆಯಲ್ಲೇ ಮಾತ್ರೆ ಸಿಗುವುದೆಂದರೆ ಏನೆಂದು ಊಹಿಸಿಕೊಳ್ಳಬೇಕು. ಕೇಂದ್ರ ಸರ್ಕಾರ 1996ರಲ್ಲಿ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ತಳಹದಿ. ಪರಿಣತರು ತಮ್ಮ ಪರಿಣತಿಯನ್ನು ಎಷ್ಟರಮಟ್ಟಿಗೆ ಬಿಟ್ಟುಕೊಡಬಲ್ಲರು, ಯಾರ ಕೈಗೆ ಕೊಡಬಲ್ಲರು ಎಂಬ ಪ್ರಶ್ನೆಗೆ ಬಳ್ಳಾರಿ ಉತ್ತರ ಕೊಟ್ಟಿತು.

ಈಗ ಇಂದಿನ ಸ್ಥಿತಿಗೆ ಬರೋಣ. ಹಳ್ಳಿಯ ಮಟ್ಟದಲ್ಲಿ ವಿಶ್ವವಿದ್ಯಾಲಯದ ಮುಖವೆಂದರೆ ಕೃಷಿ ವಿಜ್ಞಾನ ಕೇಂದ್ರ. ದೇಶದ ಮೊದಲ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ಇಂದು ದೇಶದಾದ್ಯಂತ 700ಕ್ಕೂ ಹೆಚ್ಚು ಕೇಂದ್ರಗಳಿವೆ. ಹೊಸ ತಳಿ, ಹೊಸ ಪದ್ಧತಿ ಆಯಾ ಮಣ್ಣಿಗೆ ಒಗ್ಗುತ್ತದೆಯೇ ಎಂದು ರೈತರ ಜಮೀನಿನಲ್ಲೇ ಪರೀಕ್ಷಿಸುವುದು, ಒಗ್ಗಿದ್ದನ್ನು ಪ್ರಾತ್ಯಕ್ಷಿಕೆಯಾಗಿ ತೋರಿಸುವುದು, ತರಬೇತಿ ಕೊಡುವುದು ಇವುಗಳ ಹೊಣೆ. ಒಂದು ಕೇಂದ್ರಕ್ಕೆ ಮಂಜೂರಾದ ಹುದ್ದೆಗಳು 16, ಅವುಗಳಲ್ಲಿ ವಿಷಯ ತಜ್ಞರು 6. ಹತ್ತು ತಾಲ್ಲೂಕುಗಳ, ಎರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳ ತುಮಕೂರು ಜಿಲ್ಲೆಗೆ ಕೊನೇಹಳ್ಳಿ ಮತ್ತು ಹಿರೇಹಳ್ಳಿಯಲ್ಲಿ ಎರಡು ಕೇಂದ್ರಗಳಿವೆ. ಎಲ್ಲ ಹುದ್ದೆಗಳೂ ತುಂಬಿವೆ ಎಂದೇ ಇಟ್ಟುಕೊಂಡರೂ ಹನ್ನೆರಡು ತಜ್ಞರು ಒಂದು ಜಿಲ್ಲೆಯ ಹೊಲಗಳನ್ನು ಕಣ್ಣಾರೆ ನೋಡುವುದು ಸಾಧ್ಯವಿಲ್ಲದ ಮಾತು. ಸರ್ಕಾರದ ರೈತ ಸಂಪರ್ಕ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ ನಿಜ, ಆದರೆ ಅಲ್ಲಿನ ಸಿಬ್ಬಂದಿಯ ಬಹುಪಾಲು ಸಮಯ ಸಬ್ಸಿಡಿ, ಬಿತ್ತನೆ ಬೀಜ ವಿತರಣೆ, ಬೆಳೆ ವಿಮೆಯ ಕಾಗದಪತ್ರಗಳಿಗೇ ಸರಿಹೋಗುತ್ತದೆ.

ಹಾಗಾದರೆ ರೋಗ ಬಿದ್ದ ಎಲೆಯನ್ನು ಹಿಡಿದುಕೊಂಡು ರೈತ ಎಲ್ಲಿಗೆ ಹೋಗುತ್ತಾನೆ? ಗೊಬ್ಬರದ ಅಂಗಡಿಗೆ. ಅಂಗಡಿಯವರು ಎಲೆ ನೋಡಿ ಡಬ್ಬಿ ಕೊಡುತ್ತಾರೆ, ಸಾಲವನ್ನೂ ಕೊಡುತ್ತಾರೆ, ಬೆಳಿಗ್ಗೆ ಏಳಕ್ಕೇ ಬಾಗಿಲು ತೆರೆದಿರುತ್ತಾರೆ. ಈ ವಾಸ್ತವವನ್ನು ಒಪ್ಪಿಕೊಂಡೇ ಕೃಷಿ ವಿಸ್ತರಣೆಯ ರಾಷ್ಟ್ರೀಯ ಸಂಸ್ಥೆಯಾದ ಹೈದರಾಬಾದಿನ ‘ಮ್ಯಾನೇಜ್’ 2003ರಲ್ಲಿ ಪರಿಕರ ಮಾರಾಟಗಾರರಿಗಾಗಿಯೇ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಮಾರುವವನೇ ಸಲಹೆಗಾರನಾದಾಗ ‘ಏನೂ ಸಿಂಪಡಿಸಬೇಡ, ಹತ್ತು ದಿನ ಕಾದು ನೋಡು’ ಎಂಬ ಸಲಹೆಯನ್ನು ಯಾರು ಕೊಡಬೇಕು? ಬೇಸಾಯದಲ್ಲಿ ಎಷ್ಟೋ ಸಲ ಸರಿಯಾದ ಸಲಹೆ ಅದೇ ಆಗಿರುತ್ತದೆ, ಮತ್ತು ಅದನ್ನು ಹೇಳುವುದರಿಂದ ಯಾರಿಗೂ ಲಾಭವಿಲ್ಲ. ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾಲಯ ಇರಬೇಕಾದದ್ದು ಮುಖ್ಯವಾಗಿ ಈ ಮಾತಿಗಾಗಿ.

ತಜ್ಞರು ಹೊಲದಲ್ಲಿ ಓಡಾಡುತ್ತಿದ್ದರೆ ಇನ್ನೊಂದು ಲಾಭವೂ ಇದೆ. ಮೆಕ್ಕೆಜೋಳದ ಸುಳಿಯನ್ನು ತಿಂದು ಹಾಳುಮಾಡುವ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತಕ್ಕೆ ಕಾಲಿಟ್ಟದ್ದನ್ನು ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿಗಳು. ಮುಂದೆ ಅದು ದೇಶದ ಮೆಕ್ಕೆಜೋಳದ ಪ್ರದೇಶಗಳಿಗೆಲ್ಲ ಹರಡಿತು. ಆ ಮೊದಲ ನೋಟ ತಡವಾಗಿದ್ದರೆ ಎಷ್ಟು ರೈತರು ಗೊತ್ತಿಲ್ಲದ ಹುಳುವಿಗೆ ಗೊತ್ತಿಲ್ಲದ ವಿಷ ಸುರಿಯುತ್ತಿದ್ದರೋ.

ಇದಕ್ಕೆ ಅಡ್ಡಿಯಾಗಿ ನಿಂತಿರುವುದು ಹಣದ ಕೊರತೆಯೊಂದೇ ಅಲ್ಲ, ಅಳತೆಗೋಲಿನ ದೋಷವೂ ಹೌದು. ಅಧ್ಯಾಪಕರ ಬಡ್ತಿಯಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದ ಲೇಖನಕ್ಕಿರುವ ತೂಕ ಹಳ್ಳಿಯಲ್ಲಿ ಕಳೆದ ದಿನಗಳಿಗಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಾಂಕನದಲ್ಲಿ ವಿಸ್ತರಣೆ ಒಂದು ಮಾನದಂಡವೇನೋ ಹೌದು, ಆದರೆ ಅಲ್ಲಿ ಎಣಿಕೆಗೆ ಸಿಗುವುದು ನಡೆಸಿದ ಕಾರ್ಯಕ್ರಮಗಳು ಮತ್ತು ಹಾಜರಾದ ವಿದ್ಯಾರ್ಥಿಗಳು. ಆದ್ದರಿಂದಲೇ ಬ್ಯಾನರ್ ಕಟ್ಟಿ, ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಸಂಜೆಗೆ ಮರಳುವ ಶಿಬಿರಗಳು ಹೆಚ್ಚುತ್ತಿವೆ. ನೆಟ್ಟ ಸಸಿಗೆ ಮಾರ್ಚಿನಲ್ಲಿ ನೀರು ಹಾಕಿದವರಾರು ಎಂದು ಯಾವ ನಮೂನೆಯೂ ಕೇಳುವುದಿಲ್ಲ.

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಹಳ್ಳಿಯಲ್ಲೇ ಉಳಿದು ಕೆಲಸ ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮ ಈ ಎಲ್ಲದರ ನಡುವೆ ನನಗೆ ಅತ್ಯಂತ ಭರವಸೆಯದ್ದಾಗಿ ಕಾಣುತ್ತದೆ. ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಅಂಥ ತಂಡವೊಂದು ಮಾರಮ್ಮನ ಗುಡಿಯ ಮುಂದಿನ ಅಂಗಳದಲ್ಲಿ ಊರಿನ ನಕ್ಷೆಯನ್ನು ರಂಗೋಲಿಯಲ್ಲಿ ಬಿಡಿಸುತ್ತಿದ್ದುದನ್ನು ನಾನು ನಿಂತು ನೋಡಿದ್ದೇನೆ. ಕೆರೆಗೆ ನೀಲಿ, ತೆಂಗಿನ ತೋಟಕ್ಕೆ ಹಸಿರು, ಮನೆಗಳಿಗೆ ಕೆಂಪು. ಹಾಲಿನ ಡೈರಿಗೆ ಹೊರಟಿದ್ದ ವಯಸ್ಸಾದ ಹೆಂಗಸೊಬ್ಬರು ಕ್ಯಾನು ಕೆಳಗಿಟ್ಟು, ‘ಆ ಬಾವಿ ಬತ್ತಿ ಎಷ್ಟು ಕಾಲವಾಯ್ತು, ಅದಕ್ಯಾಕೆ ನೀಲಿ ಹಾಕ್ತೀರವ್ವಾ?’ ಎಂದರು. ಹುಡುಗಿಯೊಬ್ಬಳು ಅಂಗೈಯಿಂದ ನೀಲಿಯನ್ನು ಒರೆಸಿ ಬರೀ ಮಣ್ಣು ಬಿಟ್ಟಳು. ಆಮೇಲೆ ಆ ಹೆಂಗಸು ಒಂದೊಂದಾಗಿ ತೋರಿಸುತ್ತಾ ಹೋದರು: ಇಲ್ಲಿ ಕೊರೆಸಿದ ಬೋರು ಕೈಕೊಟ್ಟಿತು, ಇಲ್ಲಿ ಎರಡು, ಇಲ್ಲೊಂದರಲ್ಲಿ ಈಗಲೂ ಬೇಸಿಗೆಯಲ್ಲಿ ಗಂಟೆ ಹೊತ್ತು ಬರುತ್ತದೆ. ಅರ್ಧ ಗಂಟೆಯಲ್ಲಿ ಆ ನಕ್ಷೆ ಊರಿನ ಅಂತರ್ಜಲದ ಚರಿತ್ರೆಯಾಯಿತು. ಅದನ್ನು ಫೋಟೋ ತೆಗೆದು ವರದಿಯಲ್ಲಿ ಅಂಟಿಸಿ ಕಾಲೇಜಿಗೆ ಒಪ್ಪಿಸುತ್ತಾರೆ, ಅದಕ್ಕೆ ಅಂಕವೂ ಬರುತ್ತದೆ. ಅದರದೊಂದು ಪ್ರತಿ ಅದೇ ಊರಿನ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೂ, ಒಂದು ಪ್ರತಿ ಕೃಷಿ ವಿಜ್ಞಾನ ಕೇಂದ್ರದ ಮೇಜಿನ ಮೇಲೂ ಇರಬೇಕಲ್ಲವೇ? ವರ್ಷ ವರ್ಷವೂ ನೂರಾರು ಹಳ್ಳಿಗಳಲ್ಲಿ ಹೀಗೆ ಕೂಡಿಬರುವ ತಿಳಿವಳಿಕೆ ವಿಶ್ವವಿದ್ಯಾಲಯದ ಸಂಶೋಧನಾ ಆದ್ಯತೆಗಳ ಸಭೆಗೆ ತಲುಪುವ ವ್ಯವಸ್ಥೆಯೇ ಇಲ್ಲದಿದ್ದರೆ ಆ ಹೆಂಗಸು ಕ್ಯಾನು ಕೆಳಗಿಟ್ಟು ಹೇಳಿದ್ದು ವ್ಯರ್ಥವಾಗುತ್ತದೆ.

ಆಕೆಯ ಮಾತಿನ ಜೊತೆಗೇ ಇನ್ನೊಂದು ವಿಷಯ ಹೇಳಬೇಕು. ತರಬೇತಿಗೆ ಕರೆ ಹೋಗುವುದು ಪಹಣಿಯಲ್ಲಿ ಹೆಸರಿರುವವರಿಗೆ, ಅಂದರೆ ಹೆಚ್ಚಾಗಿ ಗಂಡಸರಿಗೆ. ಬೀಜ ಕಾಪಿಡುವವರು, ಕಳೆ ಕೀಳುವವರು, ಹಸು ನೋಡಿಕೊಳ್ಳುವವರು ಹೆಂಗಸರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಜಿಲ್ಲಾ ಕೇಂದ್ರದಲ್ಲಿ ನಡೆಯುವ ತರಬೇತಿ, ಎರಡು ಹೊತ್ತು ಹಾಲು ಕರೆಯಬೇಕಾದವರಿಗೆ ಎಟುಕುವುದೇ ಇಲ್ಲ.

ನಗರದಲ್ಲಿ ವಿಸ್ತರಣೆಯ ಸಮಸ್ಯೆ ಬೇರೆ ಬಗೆಯದು. ಹಳ್ಳಿಗೆ ಗಡಿ ಇದೆ, ಅರಳಿಕಟ್ಟೆ ಇದೆ, ಒಬ್ಬರಿಗೆ ಹೇಳಿದರೆ ಊರಿಗೆ ತಿಳಿಯುತ್ತದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಯಾರನ್ನು ಸಮುದಾಯವೆಂದು ಕರೆಯುವುದು? ಕಲ್ಯಾಣ ಕರ್ನಾಟಕದಿಂದ ಬಂದು ಕಟ್ಟಡದ ಕೆಲಸಕ್ಕಿರುವ ಕುಟುಂಬ, ಪೌರಕಾರ್ಮಿಕರು, ಅಪಾರ್ಟ್‌ಮೆಂಟಿನ ನಿವೃತ್ತರು, ಎಲ್ಲರ ಅಗತ್ಯಗಳೂ ಬೇರೆ, ಬಿಡುವಿನ ಹೊತ್ತೂ ಬೇರೆ. ಹಾಗಿದ್ದೂ ನಗರಕ್ಕೆ ವಿಶ್ವವಿದ್ಯಾಲಯದ ಹಸಿವು ಎಷ್ಟಿದೆ ಎಂಬುದನ್ನು ನವೆಂಬರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೋದವರು ಬಲ್ಲರು. ದೂರದ ಜಿಲ್ಲೆಗಳಿಂದ ಬಸ್ಸಿನಲ್ಲಿ ಬಂದ ರೈತರ ನಡುವೆ, ಸಸಿ, ಬೀಜ, ಎರೆಗೊಬ್ಬರದ ಚೀಲ ಹಿಡಿದ ನಗರವಾಸಿಗಳು ದಂಡುಗಟ್ಟಿ ಓಡಾಡುತ್ತಾರೆ. ಹೆಬ್ಬಾಳದಲ್ಲಿ ಇದೇ ವಿಶ್ವವಿದ್ಯಾಲಯ ನಡೆಸುವ ಬೇಕರಿ ತರಬೇತಿ ನಗರದ ದುಡಿಯುವ ಜನರ ಬದುಕಿಗೆ ನೇರವಾಗಿ ಒದಗುವ ವಿಸ್ತರಣೆ. ಆದರೆ ಮೇಳ ಮುಗಿದ ಮೇಲೆ ತಾರಸಿಯ ಕುಂಡದಲ್ಲಿ ಟೊಮೆಟೊ ಎಲೆ ಮುರುಟಿಕೊಂಡಾಗ ಕೇಳಲು ಜನರಿಗೆ ಯೂಟ್ಯೂಬ್ ಬಿಟ್ಟರೆ ಹತ್ತಿರದವರು ಯಾರಿದ್ದಾರೆ?

ಇದೇ ಒತ್ತಡ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಅರ್ಧ ಶತಮಾನದ ಹಿಂದೆಯೇ ಎದುರಾಗಿತ್ತು. ಸಿಯಾಟಲ್ ಸುತ್ತಲಿನ ಮನೆತೋಟದವರ ಪ್ರಶ್ನೆಗಳಿಗೆ ಉತ್ತರಿಸಲು ವಿಸ್ತರಣಾ ಸಿಬ್ಬಂದಿ ಸಾಲದಾದಾಗ, 1972ರಲ್ಲಿ ಅವರು ಆಸಕ್ತ ನಾಗರಿಕರಿಗೇ ತರಬೇತಿ ಕೊಟ್ಟು, ಅದಕ್ಕೆ ಬದಲಾಗಿ ಅವರು ಇಂತಿಷ್ಟು ಗಂಟೆ ನೆರೆಹೊರೆಯವರಿಗೆ ಸಲಹೆ ನೀಡಬೇಕೆಂಬ ಕರಾರು ಮಾಡಿಕೊಂಡರು. ಆ ಪದ್ಧತಿ ಮುಂದೆ ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ತಾರಸಿ ತೋಟದವರು ಬಡಾವಣೆಗೊಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿರುವ, ಹಳ್ಳಿಯಲ್ಲಿ ಹುಟ್ಟಿ ಬೇಸಾಯ ಬಲ್ಲ ನಿವೃತ್ತರು ಸಾಕಷ್ಟಿರುವ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಇದು ದೊಡ್ಡ ಖರ್ಚಿನ ಕೆಲಸವಲ್ಲ. ನಿಮ್ಹಾನ್ಸ್ ಇದೇ ದಾರಿಯನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಹಿಡಿದಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ ಕೇಂದ್ರ ಸಂಸ್ಥೆ ಅದು. 14416ಕ್ಕೆ ಕರೆ ಮಾಡುವ ಪೀಣ್ಯದ ಕಾರ್ಮಿಕನಿಗೂ ಸಂಡೂರಿನ ಗೃಹಿಣಿಗೂ ತಮ್ಮ ಭಾಷೆಯಲ್ಲೇ ಆಪ್ತ ಸಮಾಲೋಚನೆ ಸಿಗುತ್ತದೆ.

ಭಾಷೆಯ ಮಾತು ಬಂದಾಗ ಪ್ರಸಾರಾಂಗವನ್ನು ನೆನೆಯದಿರಲಾಗದು. ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನವನ್ನೂ ಚರಿತ್ರೆಯನ್ನೂ ಕನ್ನಡದಲ್ಲಿ ಹೇಳಿದ ಪ್ರಚಾರೋಪನ್ಯಾಸಗಳು ಅಗ್ಗದ ಬೆಲೆಯ ಪುಟ್ಟ ಪುಸ್ತಕಗಳಾಗಿ ಮನೆಮನೆ ಸೇರಿದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕವಿ ಚೆನ್ನವೀರ ಕಣವಿಯವರು ದಶಕಗಳ ಕಾಲ ಪ್ರಸಾರಾಂಗದ ಹೊಣೆ ಹೊತ್ತು, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಉಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಉಪನ್ಯಾಸ ಗ್ರಂಥಮಾಲೆಯಾಗಿ ಹೊರತಂದರು. ಇಂದು ಹೆಚ್ಚಿನ ಕಡೆ ಪ್ರಸಾರಾಂಗವೆಂದರೆ ಪಠ್ಯಪುಸ್ತಕ ಅಚ್ಚುಹಾಕುವ ಮತ್ತು ಮಾರುವ ಕೋಣೆ. ಹವಾಮಾನ ಬದಲಾವಣೆ, ಮೊಬೈಲ್ ವಂಚನೆ, ಸಕ್ಕರೆ ಕಾಯಿಲೆ, ಇಂಥ ವಿಷಯಗಳಲ್ಲಿ ನಂಬಬಹುದಾದ ಕನ್ನಡದ ಮಾತಿಗಾಗಿ ಜನ ಹಾತೊರೆಯುತ್ತಿರುವ ಹೊತ್ತಿನಲ್ಲಿ ಅದನ್ನು ಹೀಗೆ ಬಿಟ್ಟಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

2025ರ ಫೆಬ್ರವರಿಯಲ್ಲಿ ರಾಜ್ಯ ಸಂಪುಟದ ಉಪಸಮಿತಿಯು ಇತ್ತೀಚಿನ ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಬೇಕೆಂದು ಶಿಫಾರಸು ಮಾಡಿದಾಗ ದೊಡ್ಡ ಚರ್ಚೆಯಾಯಿತು. ಕಟ್ಟಡವಿಲ್ಲ, ಹಣವಿಲ್ಲ, ಕಾಯಂ ಅಧ್ಯಾಪಕರಿಲ್ಲ ಎಂದು ಒಂದು ಕಡೆಯವರು, ಹಿಂದುಳಿದ ಜಿಲ್ಲೆಯ ಮಕ್ಕಳ ಪದವಿಗೆ ಕುತ್ತು ಬರುತ್ತದೆ ಎಂದು ಇನ್ನೊಂದು ಕಡೆಯವರು ವಾದಿಸಿದರು. ಎರಡೂ ಕಡೆ ಹುರುಳಿತ್ತು. ಆದರೆ ಒಂದು ಜಿಲ್ಲೆಗೆ ವಿಶ್ವವಿದ್ಯಾಲಯ ಬಂದರೆ, ಅದರಲ್ಲಿ ಓದದಿರುವ ಲಕ್ಷಾಂತರ ಜನರಿಗೆ ಅದರಿಂದ ಏನು ಸಿಗಬೇಕು ಎಂಬ ಮಾತು ಆ ಚರ್ಚೆಯಲ್ಲಿ ಕೇಳಿಬಂದದ್ದು ಬಹಳ ಕಡಿಮೆ.

ಆ ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಹಾವೇರಿಯ ರೈತರದು ಗುಳಿ ರಾಗಿ ಎಂಬ ಹಳೆಯ ಪದ್ಧತಿ: ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆ ಕೂಡುವಲ್ಲಿ ಗುಳಿ ಮಾಡಿ, ಹಿಡಿ ಗೊಬ್ಬರ ಹಾಕಿ ಎರಡೆರಡೇ ಸಸಿ ನೆಡುತ್ತಾರೆ; ಸಸಿ ಬೇರುಬಿಟ್ಟ ಮೇಲೆ ಎತ್ತು ಹೂಡಿ ಅದರ ಮೇಲೆ ಕೊರಡು ಎಳೆಯುತ್ತಾರೆ. ಬಾಗಿ ನೆಲ ಹಿಡಿದ ಸಸಿ ತೆಂಡೆಯೊಡೆದು ಪೊದೆಯಾಗಿ ಏಳುತ್ತದೆ. ಕೊರಡಿನ ತೂಕ ಎಷ್ಟಿರಬೇಕು, ಯಾವ ದಿನ ಎಳೆಯಬೇಕು, ಮಣ್ಣಿನಲ್ಲಿ ಹಸಿ ಎಷ್ಟಿರಬೇಕು ಎಂಬುದು ಕೈಯಿಂದ ಕೈಗೆ ಬಂದ ಲೆಕ್ಕ. ಜಿಲ್ಲೆಯ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿನ ಬೇಸಾಯ ತಜ್ಞರು, ಹಾವೇರಿ ವಿಶ್ವವಿದ್ಯಾಲಯದ ಕನ್ನಡ ಮತ್ತು ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಒಟ್ಟಾಗಿ ಒಂದು ಮುಂಗಾರಿನಲ್ಲಿ ಈ ಪದ್ಧತಿ ಬಲ್ಲ ಹಿರಿಯರ ಹೊಲಗಳಲ್ಲಿ ನಿಂತು, ಅವರ ಮಾತುಗಳಲ್ಲೇ ಆ ಲೆಕ್ಕವನ್ನು ಬರೆದುಕೊಂಡು, ಕೊರಡು ಎಳೆದ ಹೊಲ ಮತ್ತು ಎಳೆಯದ ಹೊಲದ ಇಳುವರಿಯನ್ನು ಅಕ್ಕಪಕ್ಕ ತೂಗಿ, ಬಂದ ಫಲಿತಾಂಶವನ್ನು ಮೊದಲು ಅದೇ ಊರಿನ ಕಟ್ಟೆಯ ಮೇಲೆ ಓದಿ ಹೇಳಲಿ. ಅದಕ್ಕೆ ಬೇಕಾದದ್ದು ಒಂದು ತಕ್ಕಡಿ, ಒಂದು ನೋಟ್‌ಬುಕ್ಕು ಮತ್ತು ನಾಲ್ಕು ತಿಂಗಳು ಊರಿಗೆ ಹೋಗಿಬರಲು ಬಸ್ಸಿನ ಚಾರ್ಜು.